ನರಶೂಲೆಯ ಮದ್ದು, ಮೈಯ ತೂಕ

ನರಕ್ಕೇ ಪೆಟ್ಟು ಬಿದ್ದು ಹುಟ್ಟುವ ನೋವು ಉಳಿದ ನೋವುಗಳ ಜಾತಿಗೆ ಸೇರಿದ್ದಲ್ಲ. ಮೂಳೆ ಮುರಿದಾಗ ಅಥವಾ ಗಾಯ ಕೀವುಗಟ್ಟಿದಾಗ ನರವು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ದೂತ ಮಾತ್ರವಾಗಿರುತ್ತದೆ. ನರಶೂಲೆಯಲ್ಲಾದರೋ ದೂತನೇ ಕೆಟ್ಟು, ಏನೂ ನಡೆಯದ ಕಡೆಯಿಂದಲೂ ಸುದ್ದಿ ತರತೊಡಗುತ್ತಾನೆ. ಸಕ್ಕರೆ ಕಾಯಿಲೆ ಹಳತಾದವರಿಗೆ ರಾತ್ರಿಯ ಹೊತ್ತು ಕಾಡುವ ಅಂಗಾಲುರಿ, ಸರ್ಪಸುತ್ತಿನ ಗುಳ್ಳೆಗಳು ಒಣಗಿ ತಿಂಗಳುಗಳಾದ ಮೇಲೂ ಬಟ್ಟೆ ಸೋಕಿದರೆ ಸಾಕು ಎದ್ದುಬರುವ ಚುಚ್ಚು, ಮುಖದ ಒಂದು ಮಗ್ಗುಲಿನಲ್ಲಿ ಮಿಂಚಿನಂತೆ ಹೊಡೆಯುವ ಸೆಳೆತ, ಇವೆಲ್ಲ ಈ ವರ್ಗದವು. ಮಾಮೂಲಿ ನೋವಿನ ಮಾತ್ರೆಗಳಿಗೆ ಇವು ಅಷ್ಟಾಗಿ ಬಗ್ಗದ ಕಾರಣ ವೈದ್ಯಶಾಸ್ತ್ರವು ಅಪಸ್ಮಾರ, ಖಿನ್ನತೆ ಮೊದಲಾದ ಅನ್ಯ ರೋಗಗಳ ಮದ್ದುಗಳನ್ನು ಎರವಲು ತಂದು ಇಲ್ಲಿ ಬಳಸಿತು, ಮತ್ತು ಆ ಎರವಲಿನ ಜೊತೆಯಲ್ಲೇ ಮೈಭಾರ ಏರುವ ಅಡ್ಡಪರಿಣಾಮವೂ ಬಂದು ಸೇರಿತು. ಈ ಅಡ್ಡಪರಿಣಾಮದ ಚರಿತ್ರೆಯನ್ನು ಕೆದಕಿದರೆ ಒಂದು ವಿಚಿತ್ರ ತಿರುವು ಕಾಣುತ್ತದೆ: ಇಂದು ರೋಗಿಗಳು ದೂರುವ ಈ ಮೈ ತುಂಬುವಿಕೆಯೇ ನೂರೈವತ್ತು ವರ್ಷಗಳ ಹಿಂದೆ ನರರೋಗ ಚಿಕಿತ್ಸೆಯ ಗುರಿಯಾಗಿತ್ತು.

ಮೈ ತುಂಬಿಸುವುದಕ್ಕೂ ನೋವು ಶಮನಕ್ಕೂ ಸಂಬಂಧ ಕಲ್ಪಿಸುವ ವಿಚಾರ ಭಾರತದಲ್ಲಿ ಇನ್ನೂ ಹಳೆಯದು. ಚರಕಸಂಹಿತೆಯು ಚಿಕಿತ್ಸೆಯ ಬಗೆಗಳನ್ನು ಹೇಳುವಾಗ ದೇಹವನ್ನು ಹಗುರಗೊಳಿಸುವ ಲಂಘನವನ್ನೂ ಪುಷ್ಟಿಗೊಳಿಸುವ ಬೃಂಹಣವನ್ನೂ ಎದುರುಬದುರಾಗಿ ನಿಲ್ಲಿಸಿ, ಇವುಗಳಿಗಾಗಿಯೇ ಸೂತ್ರಸ್ಥಾನದ 22ನೆಯ ಅಧ್ಯಾಯವನ್ನು ಮೀಸಲಿಟ್ಟಿದೆ. ಸೊಂಟದಿಂದ ಕಾಲಿನವರೆಗೆ ಇಳಿಯುವ ಗೃಧ್ರಸಿಯಂಥ ಶೂಲೆಗಳು ವಾತವ್ಯಾಧಿಗಳ ಪಂಕ್ತಿಯಲ್ಲಿ ಬರುವುದರಿಂದ ಅವುಗಳಿಗೆ ತೈಲ, ತುಪ್ಪ ಮುಂತಾದ ಸ್ನೇಹದ್ರವ್ಯಗಳ ಉಪಚಾರಕ್ಕೆ ಪ್ರಾಶಸ್ತ್ಯ ದೊರೆಯಿತು. ಆದರೆ ಅದೇ ಗ್ರಂಥ ಅದರ ಹಿಂದಿನ ಅಧ್ಯಾಯದಲ್ಲಿ ಅತಿಸ್ಥೌಲ್ಯವನ್ನು, ಎಂದರೆ ಮಿತಿಮೀರಿದ ಬೊಜ್ಜನ್ನು, ಅತಿಕೃಶತೆಗಿಂತಲೂ ಕೆಟ್ಟದ್ದೆಂದು ಎಣಿಸುತ್ತದೆ; ಬೊಜ್ಜಿನವರಿಗೆ ಜೀರ್ಣವಾಗಲು ಹೊತ್ತು ಹಿಡಿಯುವ, ಆದರೆ ಮೈಗೆ ಹೆಚ್ಚು ಹತ್ತದ ಆಹಾರವನ್ನು ಕೊಡಬೇಕೆನ್ನುತ್ತದೆ. ಹೊಟ್ಟೆ ತುಂಬಿದ ಭಾವ ಬೇಕು, ಪುಷ್ಟಿ ಬೇಡ ಎಂಬ ಈ ಎಣಿಕೆಯ ಬೆಲೆ, ಹಸಿವನ್ನೇ ಕೆರಳಿಸುವ ಮಾತ್ರೆಗಳ ಕಾಲದಲ್ಲಿ ಇನ್ನಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಆಧುನಿಕ ನರಶೂಲೆಯ ಕಥೆ ಅಮೆರಿಕದ ಅಂತರ್ಯುದ್ಧದ ಆಸ್ಪತ್ರೆಗಳಿಂದ ತೊಡಗುತ್ತದೆ. ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಯಲ್ಲಿ ಗುಂಡೇಟಿನಿಂದ ನರ ಹರಿದ ಸೈನಿಕರನ್ನೇ ಒಟ್ಟುಗೂಡಿಸಿ ನೋಡಿದ ಸೈಲಸ್ ವಿಯರ್ ಮಿಚೆಲ್ ಎಂಬ ವೈದ್ಯ, ಜಾರ್ಜ್ ಮೋರ್‌ಹೌಸ್ ಮತ್ತು ವಿಲಿಯಂ ಕೀನ್ ಎಂಬ ಸಹೋದ್ಯೋಗಿಗಳೊಂದಿಗೆ 1864ರಲ್ಲಿ ಈ ಗಾಯಗಳನ್ನು ಕುರಿತ ಗ್ರಂಥವನ್ನು ಹೊರತಂದನು. ಗಾಯ ಮಾಯ್ದ ಮೇಲೂ ಕೈಯೋ ಕಾಲೋ ಬೆಂಕಿಯಲ್ಲಿಟ್ಟಂತೆ ಉರಿಯುವ, ಪಕ್ಕದಲ್ಲಿ ಯಾರೋ ಪತ್ರಿಕೆಯ ಹಾಳೆ ಮಗುಚಿದ ಸದ್ದಿಗೂ ಕೆರಳುವ ಒಂದು ಸ್ಥಿತಿಯನ್ನು ಅವನು ವರ್ಣಿಸಿದನು. ಆ ಉರಿಯನ್ನು ತಾಳಲಾರದೆ ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡು, ಬೂಟಿನೊಳಗೂ ನೀರು ಸುರಿದುಕೊಳ್ಳುತ್ತಿದ್ದ ರೋಗಿಗಳನ್ನು ಅವನು ಕಂಡಿದ್ದನು. ಮುಂದೆ ಕಾಸಾಲ್ಜಿಯ ಎಂಬ ಹೆಸರು ಪಡೆದದ್ದು ಇದೇ, ಗ್ರೀಕ್ ಮೂಲದಲ್ಲಿ ಅದರ ಅರ್ಥ ಉರಿನೋವು ಎಂದಷ್ಟೆ. ಆಗ ಅವನ ಕೈಯಲ್ಲಿದ್ದ ಬಲವಾದ ಮದ್ದೆಂದರೆ ಚರ್ಮದಡಿಗೆ ಚುಚ್ಚುವ ಮಾರ್ಫಿನ್.

ಯುದ್ಧ ಮುಗಿದ ಬಳಿಕ ಇದೇ ಮಿಚೆಲ್ ಇನ್ನೊಂದು ಬಗೆಯ ರೋಗಿಗಳತ್ತ ತಿರುಗಿದನು. ಸೊರಗಿದ, ದಣಿದ, ಮೈಯೆಲ್ಲ ನೋವೆನ್ನುವ, ನರದೌರ್ಬಲ್ಯವೆಂಬ ಹಣೆಪಟ್ಟಿ ಹೊತ್ತ ಈ ರೋಗಿಗಳಲ್ಲಿ ಹೆಂಗಸರೇ ಹೆಚ್ಚಾಗಿದ್ದರು. 1877ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ಹೆಸರೇ ‘ಕೊಬ್ಬು ಮತ್ತು ರಕ್ತ, ಅವನ್ನು ಉಂಟುಮಾಡುವ ಬಗೆ’ ಎಂಬರ್ಥದ್ದು. ಮೈಯಲ್ಲಿ ಕೊಬ್ಬು ಕೂಡಿ ರಕ್ತ ಪುಷ್ಟವಾದರೆ ನರಗಳು ತಾವಾಗಿ ಚೇತರಿಸಿಕೊಳ್ಳುತ್ತವೆಂಬುದು ಅವನ ಸಿದ್ಧಾಂತವಾಗಿದ್ದುದರಿಂದ ರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಆರರಿಂದ ಎಂಟು ವಾರ ಹಾಸಿಗೆಯಲ್ಲೇ ಇರಿಸಿ, ಮೊದಲು ಎರಡೆರಡು ಗಂಟೆಗೊಮ್ಮೆ ಹಾಲು ಕುಡಿಸಿ, ಕ್ರಮೇಣ ಅದಕ್ಕೆ ಮಾಂಸ, ಬೆಣ್ಣೆ, ಮಾಲ್ಟ್ ಸಾರಗಳನ್ನು ಕೂಡಿಸುತ್ತಿದ್ದನು; ನಡೆದಾಟ ಕೂಡದೆಂದ ಮೇಲೆ ಸ್ನಾಯುಗಳು ಸೊರಗಬಾರದೆಂದು ಅಂಗಮರ್ದನವನ್ನೂ ವಿದ್ಯುತ್ ಪ್ರಚೋದನೆಯನ್ನೂ ಕೊಡಿಸುತ್ತಿದ್ದನು. ತಕ್ಕಡಿಯ ಮುಳ್ಳು ಏರಿದಂತೆ ಚಿಕಿತ್ಸೆ ಫಲಿಸಿತೆಂದು ಲೆಕ್ಕ. ವಿಶ್ರಾಂತಿ ಚಿಕಿತ್ಸೆ ಎಂದು ಪ್ರಸಿದ್ಧವಾದ ಈ ಕ್ರಮ ಅಟ್ಲಾಂಟಿಕ್ ದಾಟಿ ಯುರೋಪಿನಲ್ಲೂ ಹರಡಿತು. ಈ ಚಿಕಿತ್ಸೆಯಲ್ಲಿ ರೋಗಿಯ ಮಾತಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಬಲ್ಲವಳು, 1887ರಲ್ಲಿ ಅದಕ್ಕೊಳಗಾದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್. ಅವಳು 1892ರಲ್ಲಿ ಪ್ರಕಟಿಸಿದ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಕಥೆ ಈ ಚಿಕಿತ್ಸೆಯ ಮೇಲಿನ ದೂರೆಂದೇ ಇಂದಿಗೂ ಓದಿಸಿಕೊಳ್ಳುತ್ತದೆ. ಗುಂಡೇಟಿನ ಸೈನಿಕನ ನೋವನ್ನು ಅಷ್ಟು ನಂಬಿಕೆಯಿಂದ ಆಲಿಸಿದ ವೈದ್ಯ, ಹೆಂಗಸರ ನೋವಿನ ಮುಂದೆ ಮಾತ್ರ ಹಾಲಿನ ಲೋಟ ಹಿಡಿದು ನಿಂತನೆಂಬುದು ಗಮನಿಸತಕ್ಕ ಸಂಗತಿ.

ಇಪ್ಪತ್ತನೆಯ ಶತಮಾನದಲ್ಲಿ ಚಿಕಿತ್ಸೆ ಹಾಸಿಗೆಯಿಂದ ಮಾತ್ರೆಗೆ ಸರಿಯಿತು. ಮುಖದ ನರಶೂಲೆ ಹಠಾತ್ತನೆ ಬಂದು ಹಠಾತ್ತನೆ ಹೋಗುವುದನ್ನು ಕಂಡ ಫ್ರಾನ್ಸಿನ ಆರ್ಮಂಡ್ ಟ್ರೂಸೋ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಅಪಸ್ಮಾರಕ್ಕೆ ಹೋಲಿಸಿದ್ದನು. ಆ ಹೋಲಿಕೆ ಮಾತಿನ ಅಲಂಕಾರವಾಗಿ ಉಳಿಯದೆ 1942ರಲ್ಲಿ ಅಪಸ್ಮಾರದ ಫೆನಿಟಾಯಿನ್, 1962ರಲ್ಲಿ ಕಾರ್ಬಮಜೆಪಿನ್ ಮುಖಶೂಲೆಯ ಮದ್ದುಗಳಾಗಿ ಬಳಕೆಗೆ ಬಂದವು. ತೂಕದ ಕಥೆಯಲ್ಲಿ ಇವೆರಡರ ಪಾತ್ರ ದೊಡ್ಡದಲ್ಲ. ದೊಡ್ಡ ಪಾತ್ರ ವಹಿಸಿದ್ದು ಖಿನ್ನತೆಯ ಮದ್ದುಗಳ ಕುಟುಂಬ, ಮತ್ತು ಆ ಕುಟುಂಬದ ಮೂಲ ಹುಡುಕಿದರೆ ಸಿಗುವುದು ನೆಗಡಿ, ತುರಿಕೆಗಳ ಮದ್ದು.

1937ರಲ್ಲಿ ಪ್ಯಾರಿಸ್ಸಿನಲ್ಲಿ ಡೇನಿಯಲ್ ಬೋವೆ ಮತ್ತು ಅವನ ಸಂಗಡಿಗರು ಹಿಸ್ಟಮಿನ್ ಎಂಬ ದೇಹದ್ರವ್ಯದ ಕ್ರಿಯೆಯನ್ನು ತಡೆಯುವ ಮೊದಲ ಸಂಯುಕ್ತಗಳನ್ನು ಗುರುತಿಸಿದ ಮೇಲೆ ಔಷಧ ಕಂಪನಿಗಳೆಲ್ಲ ಇಂಥ ಅಣುಗಳ ಬೆನ್ನುಹತ್ತಿದವು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿ ಈ ಹುಡುಕಾಟದಲ್ಲೇ ಮೂರು ಉಂಗುರಗಳು ಬೆಸೆದುಕೊಂಡ ರಚನೆಯುಳ್ಳ ಹಲವು ಸಂಯುಕ್ತಗಳನ್ನು ತಯಾರಿಸಿತು. ಅವುಗಳಲ್ಲೊಂದು ಖಿನ್ನತೆಯನ್ನು ನೀಗಬಲ್ಲದೆಂದು ಮ್ಯೂನ್‌ಸ್ಟರ್ಲಿಂಗೆನ್ ಮನೋರೋಗಾಲಯದ ರೋಲಂಡ್ ಕುನ್ 1957ರಲ್ಲಿ ತಿಳಿಸಿದನು. ಅದೇ ಇಮಿಪ್ರಮಿನ್. ಅದರ ಬೆನ್ನಿಗೆ 1961ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅಮಿಟ್ರಿಪ್ಟಿಲಿನ್ ಕೂಡ ಇದೇ ಮೂರುಂಗುರದ ವಂಶದ್ದು. ಖಿನ್ನತೆಗೆಂದು ಕೊಟ್ಟ ಮಾತ್ರೆ ನೋವನ್ನೂ ತಗ್ಗಿಸುವುದನ್ನು ವೈದ್ಯರು ಬೇಗನೆ ಗಮನಿಸಿದರು. 1960ರಲ್ಲಿ ಫ್ರಾನ್ಸಿನಿಂದ ಇಮಿಪ್ರಮಿನ್ ಕುರಿತು, 1965ರಲ್ಲಿ ಆಸ್ಟ್ರೇಲಿಯದಿಂದ ಸರ್ಪಸುತ್ತಿನ ನಂತರದ ಶೂಲೆಗೆ ಅಮಿಟ್ರಿಪ್ಟಿಲಿನ್ ಬಳಕೆ ಕುರಿತು ವರದಿಗಳು ಬಂದವು. ಆದರೆ ಹಿಸ್ಟಮಿನ್ ತಡೆಯುವ ಹುಟ್ಟುಗುಣ ಈ ಅಣುಗಳನ್ನು ಬಿಟ್ಟುಹೋಗಿರಲಿಲ್ಲ. ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಕೇಂದ್ರದಲ್ಲಿ ‘ಉಂಡದ್ದು ಸಾಕು’ ಎಂಬ ಭಾವ ಮೂಡಿಸುವ ಸಂಕೇತಗಳಲ್ಲಿ ಹಿಸ್ಟಮಿನ್ನಿನದೂ ಒಂದು. ಅದನ್ನು ಗ್ರಹಿಸುವ ಎಚ್-1 ಎಂಬ ಗ್ರಾಹಕವನ್ನು ಮದ್ದು ಮುಚ್ಚಿಬಿಟ್ಟರೆ ನಿದ್ದೆಯೂ ಬರುತ್ತದೆ, ಹಸಿವೂ ಇಂಗದೆ ಉಳಿಯುತ್ತದೆ.

ಇದಕ್ಕೆ ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಅಮಿಟ್ರಿಪ್ಟಿಲಿನ್ನಿಗೆ ರಚನೆಯಲ್ಲಿ ಹತ್ತಿರದ ನಂಟನಾದ ಸೈಪ್ರೊಹೆಪ್ಟಡಿನ್ ಎಂಬ ಹಿಸ್ಟಮಿನ್ ನಿರೋಧಕವನ್ನು ಉಬ್ಬಸದ ಮಕ್ಕಳಿಗೆ ಕೊಟ್ಟಾಗ ಅವರ ಹಸಿವೂ ತೂಕವೂ ಏರಿದುದನ್ನು ಅಮೆರಿಕದ ವೈದ್ಯಪತ್ರಿಕೆಯೊಂದು 1962ರಲ್ಲೇ ಪ್ರಕಟಿಸಿತು. ಮುಂದೆ ಭಾರತದ ಔಷಧದಂಗಡಿಗಳಲ್ಲಿ ಅದು ಊಟ ಸೇರದ ಮಕ್ಕಳಿಗೆ ಕೊಡುವ ಹಸಿವಿನ ಸಿರಪ್ಪಾಗಿಯೇ ಮನೆಮಾತಾಯಿತು. ಒಂದೇ ಗುಣ ಒಂದು ಸೀಸೆಯ ಮೇಲೆ ಮಾರಾಟದ ಕಾರಣವಾಗಿ, ಇನ್ನೊಂದು ಪೊಟ್ಟಣದೊಳಗಿನ ಚೀಟಿಯಲ್ಲಿ ಸಣ್ಣಕ್ಷರದ ಎಚ್ಚರಿಕೆಯಾಗಿ ಅಚ್ಚಾದದ್ದು ಔಷಧ ವ್ಯಾಪಾರದ ಲೋಕಕ್ಕೇನೂ ಹೊಸದಲ್ಲ.

ಹೀಗಿದ್ದರೂ ಅಮಿಟ್ರಿಪ್ಟಿಲಿನ್ ನುಂಗುವವರ ಮೈ ಏಕೆ ತುಂಬುತ್ತದೆಂಬ ಪ್ರಶ್ನೆಗೆ ಬಹುಕಾಲ ಸುಲಭದ ಉತ್ತರವೊಂದು ಸಿದ್ಧವಾಗಿತ್ತು. ಖಿನ್ನತೆಯಲ್ಲಿ ಅನ್ನ ಸೇರುವುದಿಲ್ಲ, ಮನಸ್ಸು ಗೆಲುವಾದಾಗ ಊಟ ಸೇರುತ್ತದೆ, ಆದ್ದರಿಂದ ಏರಿದ ತೂಕ ಚೇತರಿಕೆಯ ಗುರುತು ಎಂಬುದು ಆ ಉತ್ತರ. ಮಿಚೆಲನ ತಕ್ಕಡಿಯ ನೆರಳು ಅಲ್ಲಿಯವರೆಗೂ ಚಾಚಿತ್ತು ಎನ್ನಬಹುದು. 1973ರಲ್ಲಿ ಯೂಜಿನ್ ಪೇಕೆಲ್ ಮತ್ತು ಇಬ್ಬರು ಸಹಲೇಖಕರು ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಬರೆದ ಲೇಖನ ಈ ನಂಬಿಕೆಯನ್ನು ಅಲುಗಾಡಿಸಿತು. ಖಿನ್ನತೆಯಿಂದ ಆಗಲೇ ಚೇತರಿಸಿಕೊಂಡು, ಅದು ಮರುಕಳಿಸದಿರಲೆಂದು ಮಾತ್ರೆ ಮುಂದುವರಿಸಿದವರಲ್ಲೂ ತೂಕ ಏರುತ್ತಲೇ ಹೋದುದನ್ನು ಮತ್ತು ಸಿಹಿ, ಪಿಷ್ಟದ ತಿನಿಸುಗಳಿಗಾಗಿ ಅವರು ಹಾತೊರೆಯುತ್ತಿದ್ದುದನ್ನು ದಾಖಲಿಸಿದ ಆ ಲೇಖನ, ಅದನ್ನು ಚೇತರಿಕೆಯೆನ್ನದೆ ಮದ್ದಿನ ಅಡ್ಡಪರಿಣಾಮವೆಂದೇ ಶೀರ್ಷಿಕೆಯಲ್ಲಿ ಕರೆಯಿತು. 1984ರ ಇನ್ನೊಂದು ಅಧ್ಯಯನ ಈ ವರ್ಗದ ಮದ್ದುಗಳಿಂದ ತಿಂಗಳಿಗೆ ಸರಾಸರಿ 1.3ರಿಂದ 2.9 ಪೌಂಡ್, ಅಂದರೆ ಸುಮಾರು 600 ಗ್ರಾಮಿನಿಂದ 1.3 ಕಿಲೋದಷ್ಟು, ತೂಕ ಕೂಡುವುದನ್ನು ಲೆಕ್ಕಹಾಕಿ ತೋರಿಸಿತು. ನರಶೂಲೆಯ ರೋಗಿಗಳ ಮಟ್ಟಿಗೆ ಈ ದಾಖಲೆಗಳ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಅವರಲ್ಲಿ ಅನೇಕರಿಗೆ ಖಿನ್ನತೆಯೇ ಇರಲಿಲ್ಲವಾಗಿ ‘ಮನಸ್ಸು ಸರಿಹೋಯಿತು, ಊಟ ಹೆಚ್ಚಿತು’ ಎಂಬ ವಿವರಣೆ ಅವರಿಗೆ ಹೊಂದುವಂತೆಯೇ ಇರಲಿಲ್ಲ. ಅಂಥವರ ಪಾಲಿಗೆ ಉಳಿದದ್ದು ಬಾಯಿಗೆ ಕಡಿವಾಣವಿಲ್ಲವೆಂಬ ಆಕ್ಷೇಪ.

ಎರಡನೆಯ ಅಲೆ ಬಂದದ್ದು ಜರ್ಮನಿಯಿಂದ. ನರಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ಮಿದುಳಿನ ರಾಸಾಯನಿಕವನ್ನು ಹೋಲುವಂತೆ 1970ರ ದಶಕದಲ್ಲಿ ಗೋಡೆಕೆ ಕಂಪನಿಯ ರಸಾಯನಜ್ಞರು ರೂಪಿಸಿದ ಗಾಬಾಪೆಂಟಿನ್, 1993ರಲ್ಲಿ ಅಮೆರಿಕದಲ್ಲಿ ಅಪಸ್ಮಾರದ ಮದ್ದಾಗಿ ಮಂಜೂರಾತಿ ಪಡೆಯಿತು. ಗಾಬಾದ ಅಚ್ಚಿನಲ್ಲಿ ಎರಕ ಹೊಯ್ದ ಈ ಅಣು ಗಾಬಾದ ಕೆಲಸವನ್ನೇ ಮಾಡದೆ, ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹರಿಯುವ ಬಾಗಿಲಿನ ಆಲ್ಫಾ-2-ಡೆಲ್ಟಾ ಎಂಬ ಭಾಗಕ್ಕೆ ಅಂಟಿಕೊಂಡು ನೋವಿನ ಸಂಕೇತವನ್ನು ಕುಗ್ಗಿಸುತ್ತದೆಂಬುದು 1996ರಲ್ಲಿ ತಿಳಿಯಿತು. ಅದೇ ಕ್ಯಾಲ್ಸಿಯಂ ಬಾಗಿಲಿಗೆ ಇನ್ನಷ್ಟು ಬಿಗಿಯಾಗಿ ಅಂಟುವ ಪ್ರಿಗಾಬಲಿನ್ನನ್ನು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ರಿಚರ್ಡ್ ಸಿಲ್ವರ್‌ಮನ್ನರ ಪ್ರಯೋಗಶಾಲೆಯಲ್ಲಿ ತಯಾರಿಸಲಾಯಿತು; 2004ರ ಕೊನೆಯಲ್ಲಿ ಅದು ಸಕ್ಕರೆ ಕಾಯಿಲೆಯ ನರಶೂಲೆಗೂ ಸರ್ಪಸುತ್ತಿನ ನಂತರದ ಶೂಲೆಗೂ ಅಮೆರಿಕದಲ್ಲಿ ಮಂಜೂರಾಯಿತು.

ಈ ಕಾಲಕ್ಕೆ ಔಷಧ ಪರೀಕ್ಷೆಗಳು ಶಿಸ್ತುಗೊಂಡಿದ್ದರಿಂದ ತೂಕವು ರೋಗಿಯ ದೂರಾಗಿ ಉಳಿಯದೆ ಕೋಷ್ಟಕದ ಅಂಕಿಯಾಯಿತು. ಅಮೆರಿಕದ ಔಷಧಪತ್ರದ ಪ್ರಕಾರ, 14 ವಾರಗಳವರೆಗಿನ ಪರೀಕ್ಷೆಗಳಲ್ಲಿ ಪ್ರಿಗಾಬಲಿನ್ ಪಡೆದವರ ಪೈಕಿ ಶೇಕಡಾ 9ರಷ್ಟು ಜನರ ತೂಕ ಮೊದಲಿದ್ದುದಕ್ಕಿಂತ ಶೇಕಡಾ 7 ಅಥವಾ ಅದಕ್ಕೂ ಮೇಲೆ ಏರಿತು. ಹುಸಿಮಾತ್ರೆ ಪಡೆದವರಲ್ಲಿ ಅಂಥವರು ಶೇಕಡಾ 2. ಕನಿಷ್ಠ ಎರಡು ವರ್ಷ ಈ ಮದ್ದನ್ನು ಸೇವಿಸಿದ 333 ಮಂದಿ ಸಕ್ಕರೆ ಕಾಯಿಲೆಯವರಲ್ಲಿ ಸರಾಸರಿ ಏರಿಕೆ 5.2 ಕಿಲೋ. ಏರಿಕೆಯು ಮದ್ದಿನ ಪ್ರಮಾಣಕ್ಕೂ ಅವಧಿಗೂ ತಕ್ಕಂತೆ ಇತ್ತೆಂದೂ, ರೋಗಿ ಮೊದಲೇ ದಪ್ಪವಿದ್ದನೋ ತೆಳ್ಳಗಿದ್ದನೋ ಎಂಬುದಕ್ಕೆ ಸಂಬಂಧಿಸಿರಲಿಲ್ಲವೆಂದೂ ಅದೇ ಪತ್ರ ಹೇಳುತ್ತದೆ. ಬಾಯಿಚಪಲದ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಶೇಕಡಾ 7 ಎಂಬುದು ಕೇಳಲು ಸಣ್ಣದು. ಭಾರತದ ಅಳತೆಗೋಲಿಟ್ಟು ನೋಡಿದರೆ ಹಾಗಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಪಡೆಯುವ ದೇಹರಾಶಿ ಸೂಚ್ಯಂಕದಲ್ಲಿ ಭಾರತೀಯರಿಗೆ 23ರ ಮೇಲೆ ಅಧಿಕ ತೂಕ, 25ರ ಮೇಲೆ ಬೊಜ್ಜು ಎಂದು ಇಲ್ಲಿಯ ತಜ್ಞರು 2009ರಲ್ಲಿ ಗೆರೆ ಎಳೆದಿದ್ದಾರೆ. 160 ಸೆಂಟಿಮೀಟರ್ ಎತ್ತರದ, 60 ಕಿಲೋ ತೂಕದ ವ್ಯಕ್ತಿಗೆ ಶೇಕಡಾ 7 ಕೂಡಿದರೆ ತೂಕ 64.2 ಕಿಲೋ ಆಗಿ, 23.4ರಷ್ಟಿದ್ದ ಸೂಚ್ಯಂಕ 25ರ ಗೆರೆಯನ್ನು ದಾಟಿಬಿಡುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿಯೆಂದು ಅಂದಾಜಿಸಿರುವಾಗ, ಅವರ ಅಂಗಾಲುರಿಗೆಂದು ಕೊಡುವ ಮದ್ದೇ ತೂಕ ಏರಿಸಿ ಸಕ್ಕರೆಯ ಹತೋಟಿಯನ್ನು ಬಿಗಡಾಯಿಸುವ ಸಾಧ್ಯತೆ ಹಗುರವಾಗಿ ಕಾಣತಕ್ಕದ್ದಲ್ಲ.

ಏರಿದ್ದೆಲ್ಲ ಕೊಬ್ಬೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಪ್ರಿಗಾಬಲಿನ್ ಕೆಲವರ ಪಾದ, ಕಣಕಾಲುಗಳಲ್ಲಿ ನೀರು ತುಂಬಿಸುತ್ತದೆ, ಬೆರಳೊತ್ತಿದರೆ ಗುಳಿ ಬೀಳುತ್ತದೆ. ಸಕ್ಕರೆ ಕಾಯಿಲೆಗೆ ಭಾರತದಲ್ಲಿ ಧಾರಾಳವಾಗಿ ಬಳಕೆಯಾಗುವ ಪಿಯೊಗ್ಲಿಟಜೋನ್ ಸೇರಿದ ವರ್ಗದ ಮಾತ್ರೆಗಳಿಗೂ ಇದೇ ಗುಣವಿರುವುದರಿಂದ ಎರಡೂ ಕೂಡಿದಾಗ ಊತ ಇಮ್ಮಡಿಯಾಗುತ್ತದೆ. ಪರೀಕ್ಷೆಗಳಲ್ಲಿ ಆ ವರ್ಗದ ಮಾತ್ರೆಯೊಂದನ್ನೇ ಪಡೆದವರಲ್ಲಿ ಶೇಕಡಾ 3, ಪ್ರಿಗಾಬಲಿನ್ ಮಾತ್ರ ಪಡೆದವರಲ್ಲಿ ಶೇಕಡಾ 8, ಎರಡನ್ನೂ ಪಡೆದವರಲ್ಲಿ ಶೇಕಡಾ 19 ಮಂದಿಗೆ ಕಾಲೂತ ಕಂಡಿತ್ತು. ಹೀಗೆ ಬಂದ ತೂಕವನ್ನು ಉಪವಾಸದಿಂದ ಇಳಿಸಹೊರಡುವುದು ವ್ಯರ್ಥ ಮಾತ್ರವಲ್ಲ, ಹೃದಯ ದುರ್ಬಲವಾಗಿರುವವರಲ್ಲಿ ಅಪಾಯದ ಸುಳಿವನ್ನು ಮರೆಮಾಡಿದಂತೆಯೂ ಆಗುತ್ತದೆ.

ಮೈಭಾರ ಏರಿಸದ ನರಶೂಲೆಯ ಮದ್ದೊಂದು ಸಿಕ್ಕರೆ ಸಾಕೆಂಬ ಹಂಬಲ ಹುಟ್ಟಿದ್ದು ಇದೇ ಹೊತ್ತಿಗೆ. ಅಪಸ್ಮಾರದ ಇನ್ನೊಂದು ಮದ್ದಾದ ಟೊಪಿರಮೇಟ್ ಹಸಿವನ್ನೇ ತಗ್ಗಿಸುವಂಥದ್ದು. 2004ರಲ್ಲಿ ಪ್ರಕಟವಾದ 12 ವಾರಗಳ ಪರೀಕ್ಷೆಯೊಂದರಲ್ಲಿ ಅದು ಮಧುಮೇಹಿಗಳ ನರಶೂಲೆಯನ್ನು ತಗ್ಗಿಸಿದ್ದಲ್ಲದೆ ತೂಕವನ್ನೂ ಸರಾಸರಿ 2.6 ಕಿಲೋ ಇಳಿಸಿತು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂಬ ಆ ಸಂಭ್ರಮ ಅದೇ ವರ್ಷ ಕರಗಿತು, ಏಕೆಂದರೆ ಆಗಲೇ ಬೆಳಕು ಕಂಡ ಇನ್ನು ಮೂರು ಪರೀಕ್ಷೆಗಳಲ್ಲಿ ನೋವಿನ ಮೇಲೆ ಅದರ ಪ್ರಭಾವ ಹುಸಿಮಾತ್ರೆಯನ್ನು ಮೀರಲಿಲ್ಲ. ನೋವಿನ ಮದ್ದಾಗಿ ಸೋತ ಟೊಪಿರಮೇಟ್ 2012ರಲ್ಲಿ ಅಮೆರಿಕದಲ್ಲಿ ಫೆಂಟರ್ಮಿನ್ ಜೊತೆಗೂಡಿ ಬೊಜ್ಜಿನ ಮದ್ದಾಗಿಯೇ ಮಂಜೂರಾಯಿತು.

ಹೀಗಾಗಿ ತೂಕದ ನಿರ್ವಹಣೆಯು ಹೊಸ ಅಣುವಿನ ಹುಡುಕಾಟಕ್ಕಿಂತ ಇರುವ ಅಣುಗಳ ನಡುವಣ ಆಯ್ಕೆಯಾಗಿಯೇ ಬೆಳೆಯಿತು. ಅಮಿಟ್ರಿಪ್ಟಿಲಿನ್ನಿನಿಂದಲೇ ದೇಹದಲ್ಲಿ ಉತ್ಪನ್ನವಾಗುವ ನಾರ್ಟ್ರಿಪ್ಟಿಲಿನ್ ಹಿಸ್ಟಮಿನ್ ಗ್ರಾಹಕಕ್ಕೆ ಅಷ್ಟಾಗಿ ಅಂಟದು. 2004ರಲ್ಲೇ ಮಧುಮೇಹಿಗಳ ನರಶೂಲೆಗೆ ಮಂಜೂರಾದ ಡುಲೊಕ್ಸೆಟಿನ್ ತೂಕವನ್ನು ಹೆಚ್ಚು ಕದಲಿಸದು. ಸರ್ಪಸುತ್ತಿನ ಶೂಲೆಗೆ ಚರ್ಮದ ಮೇಲೆಯೇ ಅಂಟಿಸುವ ಲಿಡೊಕೇನ್ ಪಟ್ಟಿ ಹಸಿವಿನ ಗೊಡವೆಗೇ ಹೋಗದು. ಆದರೆ ಆಯ್ಕೆಗೆ ಬೆಲೆಯಿದೆ. ಒಬ್ಬರಿಗೆ ನೋವು ಅರ್ಧದಷ್ಟು ಇಳಿಯಬೇಕಾದರೆ ಎಷ್ಟು ಮಂದಿಗೆ ಮದ್ದು ಕೊಡಬೇಕಾಗುತ್ತದೆಂಬ ಲೆಕ್ಕವನ್ನು 2015ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಮಾಡಿದಾಗ, ಅಮಿಟ್ರಿಪ್ಟಿಲಿನ್ ವರ್ಗಕ್ಕೆ 3.6, ಡುಲೊಕ್ಸೆಟಿನ್ ವರ್ಗಕ್ಕೆ 6.4, ಪ್ರಿಗಾಬಲಿನ್ನಿಗೆ 7.7 ಎಂಬ ಅಂಕಿಗಳು ಬಂದವು; ಎಂದರೆ ಹಸಿವು ಕೆರಳಿಸುವ ಹಳೆಯ ವರ್ಗವೇ ಆ ಲೆಕ್ಕದಲ್ಲಿ ಮುಂದಿತ್ತು. ಈ ಮೂರನ್ನೂ ಒಂದೇ ಪರೀಕ್ಷೆಯಲ್ಲಿ ಮುಖಾಮುಖಿ ನಿಲ್ಲಿಸಿದ, ಬ್ರಿಟನ್ನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ‘ಆಪ್ಷನ್-ಡಿಎಂ’ ಅಧ್ಯಯನದಲ್ಲಿ ಮಾತ್ರ ಯಾವುದರಿಂದ ತೊಡಗಿ ಯಾವುದನ್ನು ಮುಂದೆ ಸೇರಿಸಿದರೂ ನೋವಿನ ಇಳಿಕೆ ಬಹುಮಟ್ಟಿಗೆ ಸಮನಾಗಿಯೇ ಇತ್ತು. ನೋವಿನ ತಕ್ಕಡಿ ಸಮನಿದ್ದಲ್ಲಿ ಮೈಯ ತಕ್ಕಡಿಯನ್ನು ನೋಡಿ ಮದ್ದು ಆರಿಸಲು ವೈದ್ಯನಿಗೆ ಇದು ಸಾಕಷ್ಟು ಆಧಾರ.

ಮದ್ದಿನ ಆಚೆಗಿನ ನಿರ್ವಹಣೆ ಮಿಚೆಲನ ಕ್ರಮವನ್ನು ತಲೆಕೆಳಗು ಮಾಡಿದಂತಿದೆ. ಅವನು ಮಲಗಿಸಿದ, ಈಗಿನವರು ಎಬ್ಬಿಸುತ್ತಾರೆ. ಅವನು ಎರಡು ಗಂಟೆಗೊಮ್ಮೆ ಹಾಲೂಡಿದ, ಈಗಿನವರು ನಾರಿನಂಶ ಹೆಚ್ಚಿರುವ, ಬೇಗನೆ ಹಸಿಯಗೊಡದ ಊಟ ಹೇಳುತ್ತಾರೆ. ಮದ್ದು ತೊಡಗುವ ದಿನವೇ ತೂಕ ಬರೆದಿಟ್ಟು, ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ತೂಗಿ ನೋಡಿದರೆ ಏರಿಕೆ ಒಂದೆರಡು ಕಿಲೋದಲ್ಲಿರುವಾಗಲೇ ಪ್ರಮಾಣ ತಗ್ಗಿಸುವುದೋ ಮದ್ದು ಬದಲಿಸುವುದೋ ಸಾಧ್ಯವಾಗುತ್ತದೆ. ನಡೆದಾಡಿ ಎಂಬ ಸಲಹೆ ಮಾತ್ರ ಜೋಮು ಹಿಡಿದ ಪಾದದವರಿಗೆ ಅಷ್ಟು ಸಲೀಸಲ್ಲ: ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹರಳು ಅಂಗಾಲನ್ನು ಕೊರೆದರೂ ಅವರಿಗೆ ತಿಳಿಯದಿರುವುದರಿಂದ, ನಡಿಗೆಗೆ ಮುನ್ನ ಪಾದರಕ್ಷೆಯನ್ನೂ ನಡಿಗೆಯ ಬಳಿಕ ಅಂಗಾಲನ್ನೂ ನೋಡಿಕೊಳ್ಳಬೇಕಾಗುತ್ತದೆ, ಇಲ್ಲವೇ ಕುರ್ಚಿಯಲ್ಲಿ ಕುಳಿತು ಮಾಡುವ ವ್ಯಾಯಾಮ, ಈಜುಗಳನ್ನು ಆರಿಸಿಕೊಳ್ಳಬೇಕಾಗುತ್ತದೆ. ತೂಕ ಕಂಡು ಬೇಸತ್ತು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೇಡು, ಬೆವರು, ತಳಮಳಗಳೊಡನೆ ನೋವೂ ಮರಳುವ ಸಂಭವವಿರುವುದರಿಂದ ಬಿಡುವುದಾದರೂ ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಬಿಡಬೇಕು.

ಕರ್ನಾಟಕವೂ ಸೇರಿದಂತೆ ಭಾರತದ ಔಷಧದಂಗಡಿಗಳಲ್ಲಿ ಈ ಹಂತಹಂತದ ಇಳಿಕೆಗೆ ಒಂದು ತೊಡಕುಂಟು. ಇಲ್ಲಿ ಪ್ರಿಗಾಬಲಿನ್ ಬಿಡಿಯಾಗಿ ಸಿಗುವಂತೆಯೇ ಬಿ-12 ಜೀವಸತ್ವದ ರೂಪವಾದ ಮಿಥೈಲ್‌ಕೋಬಾಲಮಿನ್ನಿನೊಂದಿಗೋ ನಾರ್ಟ್ರಿಪ್ಟಿಲಿನ್ನಿನೊಂದಿಗೋ ಬೆರೆತ ಜೋಡಿಮದ್ದಾಗಿಯೂ ಧಾರಾಳವಾಗಿ ಸಿಗುತ್ತದೆ, ಮತ್ತು ಜನರ ಬಾಯಲ್ಲಿ ಅದು ಬರಿಯ ‘ನರದ ಮಾತ್ರೆ’. ಮೆಟ್‌ಫಾರ್ಮಿನ್ ಸೇವಿಸುವ ಮಧುಮೇಹಿಗಳಲ್ಲಿ ಬಿ-12ರ ಕೊರತೆ ಉಂಟಾಗುವುದುಂಟಾದ್ದರಿಂದ ಜೀವಸತ್ವ ಸೇರಿಸುವುದರಲ್ಲಿ ಅರ್ಥವಿಲ್ಲದಿಲ್ಲ. ಆದರೆ ಒಂದೇ ಕವಚದೊಳಗೆ ಎರಡು ಮದ್ದುಗಳಿದ್ದಾಗ ಒಂದರ ಪ್ರಮಾಣವನ್ನಷ್ಟೇ ತಗ್ಗಿಸಲು ಬರುವುದಿಲ್ಲ, ತೂಕ ಏರಿಸಿದ್ದು ಯಾವುದೆಂದು ಬಿಡಿಸಿ ಹೇಳಲೂ ಬರುವುದಿಲ್ಲ. ಜೀವಸತ್ವದ ಮಾತ್ರೆಯೆಂದೇ ನಂಬಿ ವರ್ಷಗಟ್ಟಲೆ ಅದನ್ನು ನುಂಗುವ ರೋಗಿ, ಬಿಗಿಯಾದ ಉಡುಪನ್ನೂ ಹೊಟ್ಟೆಯ ಸುತ್ತಳತೆಯನ್ನೂ ಆ ಕವಚದೊಂದಿಗೆ ಜೋಡಿಸಿ ನೋಡುವ ಪ್ರಸಂಗವೇ ಬರುವುದಿಲ್ಲ.